ಮೊದಲ ವರ್ಷದಲ್ಲಿ ಏನಾಗುತ್ತದೆ?

ಡಾಕ್ಟರ್, ಲಾಯರ್, ಎಂಜಿನಿಯರ್ ಆಗಲು ಓದುವ ಹುಡುಗ ಹುಡುಗಿಯರಲ್ಲಿ ಖಿನ್ನತೆ ಹೆಚ್ಚು ಎಂಬ ಸುದ್ದಿ ಬಂದಾಗಲೆಲ್ಲ ಒಂದು ಸಮಜಾಯಿಷಿ ಸಿದ್ಧವಾಗಿರುತ್ತದೆ. ಇಂಥ ಕೋರ್ಸಿಗೆ ಬರುವವರೇ ಅಂಥವರು. ಚಿಕ್ಕಂದಿನಿಂದಲೂ ಪುಸ್ತಕದ ಹುಳುಗಳು, ಎರಡು ಮಾರ್ಕ್ಸ್ ಕಮ್ಮಿಯಾದರೆ ಊಟ ಬಿಡುವವರು. ಆತಂಕವನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿರುತ್ತಾರೆ, ಕಾಲೇಜು ತಾನೇ ಏನು ಮಾಡೀತು?

ಅಳೆದು ನೋಡಿದವರಿಗೆ ಬೇರೆಯೇ ಚಿತ್ರ ಸಿಕ್ಕಿದೆ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನ 1986ರಲ್ಲಿ ಪ್ರಕಟವಾಯಿತು. ತರಗತಿ ಶುರುವಾಗುವ ಮುನ್ನ ಈ ವಿದ್ಯಾರ್ಥಿಗಳ ಮನಸ್ಸು ಉಳಿದ ಜನರಷ್ಟೇ ನೆಟ್ಟಗಿತ್ತು. ಮೊದಲ ವರ್ಷದ ಕೊನೆಗೆ ಶೇ 32ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು ಕಂಡವು. ಮೂರನೇ ವರ್ಷದ ಕೊನೆಗೆ ಅದು ಶೇ 40 ಆಯಿತು. ಪದವಿ ಮುಗಿದು ಎರಡು ವರ್ಷವಾದ ಮೇಲೆ ಇಳಿಯಿತು, ಆದರೆ ಶೇ 17ಕ್ಕೆ ನಿಂತಿತು. ಶುರುವಿನ ಮಟ್ಟಕ್ಕೆ ಮರಳಲಿಲ್ಲ. ವೈದ್ಯಕೀಯದಲ್ಲೂ ಇದೇ ಕಥೆ. 2014ರಲ್ಲಿ ಬಂದ ಅಧ್ಯಯನವೊಂದು ಅಮೆರಿಕದ ಮೆಡಿಕಲ್ ಕಾಲೇಜುಗಳಿಗೆ ಆಗತಾನೇ ಸೇರುತ್ತಿದ್ದವರನ್ನು ಅದೇ ವಯಸ್ಸಿನ ಇತರ ಪದವೀಧರರ ಜತೆ ಹೋಲಿಸಿತು. ಸೇರುವ ದಿನಗಳಲ್ಲಿ ಮೆಡಿಕಲ್ ವಿದ್ಯಾರ್ಥಿಗಳೇ ಹೆಚ್ಚು ಗಟ್ಟಿಯಾಗಿದ್ದರು: ಖಿನ್ನತೆ ಕಡಿಮೆ, ದಣಿವು ಕಡಿಮೆ, ಬದುಕಿನ ಬಗ್ಗೆ ಸಮಾಧಾನ ಜಾಸ್ತಿ. ಆ ಅಧ್ಯಯನ ಬಂದ ಎರಡು ವರ್ಷದ ಬಳಿಕ 43 ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ತೆಗೆದಾಗ, ಓದುತ್ತಿರುವ ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಶೇ 27.2 ಮಂದಿಗೆ ಖಿನ್ನತೆ ಅಥವಾ ಅದರ ಲಕ್ಷಣಗಳು ಇದ್ದವು. ಅವರಲ್ಲಿ ಚಿಕಿತ್ಸೆಗೆ ಹೋದವರು ಶೇ 15.7 ಮಾತ್ರ. ನಾಳೆ ಬೇರೆಯವರ ನಾಡಿ ಹಿಡಿಯಬೇಕಾದವರು ಇವರು.

ಅಂದರೆ ಗಟ್ಟಿಮುಟ್ಟಾಗಿ ಒಳಗೆ ಹೋದವರು ಒಳಗೆ ಹೋದ ಮೇಲೆ ಕುಸಿಯುತ್ತಿದ್ದಾರೆ. ಓದಿನ ಭಾರ ಒಂದು ಕಾರಣ, ಒಪ್ಪೋಣ. ಆದರೆ ಭಾರವನ್ನಷ್ಟೇ ಕಾರಣ ಮಾಡಿದರೆ ಒಂದು ವಿಷಯ ಉತ್ತರವಿಲ್ಲದೆ ಉಳಿಯುತ್ತದೆ. ಅಷ್ಟೇ ಕಷ್ಟಪಟ್ಟು, ರಾತ್ರಿ ಎರಡರವರೆಗೆ ಕುಳಿತು, ಬೆಳಿಗ್ಗೆ ಲವಲವಿಕೆಯಿಂದ ಏಳುವವರೂ ಅದೇ ಹಾಸ್ಟೆಲಿನಲ್ಲಿ ಇರುತ್ತಾರಲ್ಲ?

ಈ ಪ್ರಶ್ನೆಯನ್ನು ಬೆನ್ನು ಹತ್ತಿದವರಲ್ಲಿ ಇಬ್ಬರ ಹೆಸರು ಮುಖ್ಯ. ಲಾರೆನ್ಸ್ ಕ್ರೀಗರ್ ಆಗ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕರಾಗಿದ್ದರು. ಕೆನನ್ ಶೆಲ್ಡನ್ ಮಿಸೌರಿ ವಿಶ್ವವಿದ್ಯಾಲಯದ ಮನೋವಿಜ್ಞಾನಿಯಾಗಿದ್ದರು. 2004ರ ಅವರ ಅಧ್ಯಯನ ವಿದ್ಯಾರ್ಥಿಗಳು ಎಷ್ಟು ಸುಖವಾಗಿದ್ದಾರೆ ಎಂದಷ್ಟೇ ಕೇಳಿ ಬಿಡಲಿಲ್ಲ. ಯಾಕೆ ಓದುತ್ತಿದ್ದೀರಿ, ಬದುಕಿನಲ್ಲಿ ಏನು ದೊಡ್ಡದು ಅನ್ನಿಸುತ್ತದೆ ಎಂದು ಕೇಳಿ, ಕಾಲ ಕಳೆದಂತೆ ಉತ್ತರ ಹೇಗೆ ಬದಲಾಗುತ್ತದೆ ಎಂದೂ ನೋಡಿತು. ಬಂದ ಹೊಸದರಲ್ಲಿ ಹೆಚ್ಚಿನವರು ವಿಷಯದ ಮೇಲಿನ ಆಸಕ್ತಿಯಿಂದ, ನಾಲ್ಕು ಜನಕ್ಕೆ ನೆರವಾಗಬೇಕೆಂಬ ಆಸೆಯಿಂದ ಓದುತ್ತಿದ್ದರು. ಮೊದಲ ವರ್ಷ ಮುಗಿಯುವಷ್ಟರಲ್ಲಿ ಆ ಕಾರಣಗಳು ಸೊರಗಿ, ಹೊರಗಿನವರ ಕಣ್ಣಿಗೆ ಹೇಗೆ ಕಾಣುತ್ತೇನೆ ಎಂಬುದು ಮೇಲೆದ್ದಿತು. ಸುಖವೂ ಅದರ ಜತೆಗೇ ಇಳಿಯಿತು.

ಆ ವರದಿಯಲ್ಲಿ ನನಗೆ ಹೆಚ್ಚು ಚುಚ್ಚಿದ ಸಂಗತಿ ಬೇರೆ. ನಿಜವಾದ ಆಸಕ್ತಿಯಿಂದ ಬಂದವರೇ ಮೊದಲ ವರ್ಷ ಹೆಚ್ಚು ಅಂಕ ಗಳಿಸಿದರು. ಹಾಗೆ ಹೆಚ್ಚು ಅಂಕ ಗಳಿಸಿದವರೇ ಮುಂದೆ ಸಂಬಳ ಜಾಸ್ತಿ, ಒತ್ತಡವೂ ಜಾಸ್ತಿ ಇರುವ ಕೆಲಸಗಳ ಕಡೆ ವಾಲಿದರು. ಆಸಕ್ತಿ ಅಂಕ ತಂದುಕೊಟ್ಟಿತು, ಅಂಕ ಬಂದು ಆಸಕ್ತಿಯ ದಿಕ್ಕು ತಿರುಗಿಸಿತು.

ಅಮೆರಿಕದ ಕಾನೂನು ತರಗತಿ ಹೇಗಿರುತ್ತದೆಂದು ಸ್ವಲ್ಪ ಒಳಗೆ ಇಣುಕಿದರೆ ಇದು ಅರ್ಥವಾಗುತ್ತದೆ. ಕ್ರಿಸ್ಟೋಫರ್ ಕೊಲಂಬಸ್ ಲ್ಯಾಂಗ್ಡೆಲ್ ಎಂಬಾತ 1870ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದ. ಉಪನ್ಯಾಸ ಕೊಟ್ಟು ನೋಟ್ಸ್ ಬರೆಸುವ ಬದಲು ಹಳೆಯ ತೀರ್ಪುಗಳನ್ನು ಓದಿಸಿ ಪ್ರಶ್ನೆ ಕೇಳುವ ಪದ್ಧತಿ ತಂದ. ಇಂದಿಗೂ ಅದೇ ನಡೆಯುತ್ತಿದೆ. ಪ್ರಾಧ್ಯಾಪಕರು ಪಟ್ಟಿ ನೋಡಿ ಒಬ್ಬರ ಹೆಸರು ಕೂಗುತ್ತಾರೆ. ಹೆಸರು ಬಂದವರು ಪ್ರಕರಣದ ಸಂಗತಿ ಹೇಳಬೇಕು, ತೀರ್ಪಿನ ತರ್ಕ ಬಿಡಿಸಬೇಕು. ಪ್ರಶ್ನೆಯ ಮೇಲೆ ಪ್ರಶ್ನೆ ಬೀಳುತ್ತದೆ, ಉಳಿದವರೆಲ್ಲ ನೋಡುತ್ತಾ ಕೂರುತ್ತಾರೆ. ಬುದ್ಧಿ ಮಸೆಯಲು ಒಳ್ಳೆಯ ವಿಧಾನವೇ. ಆದರೆ ವಿದ್ಯಾರ್ಥಿ ಅಲ್ಲಿ ತೋರಿಸಿದ ಜಾಣತನಕ್ಕೆ ಅಂಕ ಬರುವುದು ಅಪರೂಪ. ಎಷ್ಟೋ ವಿಷಯಗಳಲ್ಲಿ ಇಡೀ ಸೆಮಿಸ್ಟರಿಗೆ ಒಂದೇ ಪರೀಕ್ಷೆ, ಕೊನೆಯಲ್ಲಿ. ಅದರ ಗ್ರೇಡು ‘ಕರ್ವ್’ ಮೇಲೆ: ಇಷ್ಟು ಮಂದಿಗೆ ಎ, ಇಷ್ಟು ಮಂದಿಗೆ ಬಿ ಎಂದು ಮೊದಲೇ ನಿಗದಿ. ಎಲ್ಲರೂ ಚೆನ್ನಾಗಿ ಬರೆದರೂ ಎಲ್ಲರಿಗೂ ಎ ಸಿಗದು. ನಮ್ಮ ಹಲವು ಐಐಟಿ, ಎನ್‌ಐಟಿಗಳ ಹುಡುಗರು ‘ರಿಲೇಟಿವ್ ಗ್ರೇಡಿಂಗ್’ ಎಂದು ಗೊಣಗುವುದು ಇದನ್ನೇ. ದೊಡ್ಡ ಲಾ ಫರ್ಮುಗಳು ಸಂದರ್ಶನದಲ್ಲಿ ನೋಡುವುದು ಹೆಚ್ಚಾಗಿ ಮೊದಲ ವರ್ಷದ ಗ್ರೇಡು. ಹೀಗಾಗಿ ‘ನ್ಯಾಯ ಎಂದರೇನು’ ಎಂದು ಕೇಳಿಕೊಂಡು ಬಂದವರು ‘ನಾನು ಎಷ್ಟನೆಯವ’ ಎಂದು ಕೇಳಿಕೊಳ್ಳಲು ಒಂದು ವರ್ಷವೂ ಬೇಕಿಲ್ಲ.

ಹೊರಗಿನ ಬಹುಮಾನ ಒಳಗಿನ ಆಸಕ್ತಿಯನ್ನು ಕಬಳಿಸುತ್ತದೆಯೇ? ಇದನ್ನು ಪ್ರಯೋಗಕ್ಕೆ ಇಟ್ಟವನು ಎಡ್ವರ್ಡ್ ಡೆಸಿ. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಅವನ ಕೈಗೆ ಸೋಮಾ ಎಂಬ ಒಗಟು ಸಿಕ್ಕಿತ್ತು. ಡೆನ್ಮಾರ್ಕಿನ ಪೀಟ್ ಹೈನ್ ರೂಪಿಸಿದ ಆಟ ಅದು. ಏಳು ತುಂಡುಗಳು, ಜೋಡಿಸಿದರೆ ಒಂದು ಘನ, ಬೇರೆ ರೀತಿ ಜೋಡಿಸಿದರೆ ಬೇರೆ ಬೇರೆ ಆಕಾರ. ಕೈಗೆತ್ತಿಕೊಂಡರೆ ಬಿಡಲು ಮನಸ್ಸಾಗದು. ಡೆಸಿ ಕಾಲೇಜು ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಮೂರು ಸಲ ಕರೆಸಿ, ಚಿತ್ರದಲ್ಲಿದ್ದ ಆಕಾರಗಳನ್ನು ಜೋಡಿಸಲು ಹೇಳಿದ. ಅರ್ಧ ಮಂದಿಗೆ ಎರಡನೇ ಸಲ ಮಾತ್ರ ಬಿಡಿಸಿದ ಪ್ರತಿ ಒಗಟಿಗೂ ಒಂದು ಡಾಲರ್ ಕೊಟ್ಟ. ಉಳಿದವರಿಗೆ ಯಾವಾಗಲೂ ಏನೂ ಇಲ್ಲ. ಪ್ರಯೋಗದ ತಿರುಳು ಇದ್ದದ್ದು ಮಧ್ಯದ ಬಿಡುವಿನಲ್ಲಿ. ಏನೋ ನೆಪ ಹೇಳಿ ಡೆಸಿ ಎಂಟು ನಿಮಿಷ ಹೊರಗೆ ಹೋಗುತ್ತಿದ್ದ. ಕೋಣೆಯಲ್ಲಿ ಪತ್ರಿಕೆಗಳಿದ್ದವು, ಸುಮ್ಮನೆ ಕೂರಲೂ ಬಹುದಿತ್ತು. ವಿದ್ಯಾರ್ಥಿ ಆ ಎಂಟು ನಿಮಿಷದಲ್ಲಿ ತಾನಾಗಿಯೇ ಒಗಟು ಹಿಡಿದು ಕೂರುತ್ತಾನೋ ಇಲ್ಲವೋ ಎಂದು ಮರೆಯಿಂದ ಗಮನಿಸಲಾಗುತ್ತಿತ್ತು. ದುಡ್ಡು ಪಡೆದವರು, ದುಡ್ಡು ನಿಂತ ಮೂರನೇ ಸಲ, ಮೊದಲಿಗಿಂತ ಕಡಿಮೆ ಹೊತ್ತು ಒಗಟು ಮುಟ್ಟಿದರು. ಒಂದು ಪೈಸೆಯನ್ನೂ ಕಾಣದವರ ಉತ್ಸಾಹ ಹಾಗೆ ಕುಂದಲಿಲ್ಲ.

1971ರಲ್ಲಿ ಇದು ಪ್ರಕಟವಾದಾಗ ಒಪ್ಪದವರು ಬಹಳ ಇದ್ದರು. ಬರೀ ಎರಡು ಡಜನ್ ವಿದ್ಯಾರ್ಥಿಗಳ ಪ್ರಯೋಗವಾದ್ದರಿಂದ ಅನುಮಾನ ಸಹಜವೇ. ಜಗಳ ದಶಕಗಟ್ಟಲೆ ನಡೆಯಿತು. 1999ರಲ್ಲಿ ಡೆಸಿ ಮತ್ತು ಸಂಗಡಿಗರು 128 ಪ್ರಯೋಗಗಳನ್ನು ಒಟ್ಟಿಗೆ ತೂಗಿ, ‘ಹೀಗೆ ಮಾಡಿದರೆ ಇಷ್ಟು ಕೊಡುತ್ತೇನೆ’ ಎಂದು ಮೊದಲೇ ಹೇಳಿ ಕೊಡುವ ಬಹುಮಾನ ಆಸಕ್ತಿಯನ್ನು ಕುಂದಿಸುತ್ತದೆ, ಚೆನ್ನಾಗಿ ಮಾಡಿದೆ ಎಂಬ ಪ್ರಾಮಾಣಿಕ ಮಾತು ಕುಂದಿಸುವುದಿಲ್ಲ ಎಂದು ತೋರಿಸಿದರು. ಅಷ್ಟರಲ್ಲಿ ಡೆಸಿ ರೊಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ರಯಾನ್ ಜತೆ ಸೇರಿ ‘ಸ್ವಯಂ ನಿರ್ಧಾರ ಸಿದ್ಧಾಂತ’ವನ್ನು ಕಟ್ಟಿದ್ದ. ಮನಸ್ಸಿಗೆ ಮೂರು ಬೇಕು ಎನ್ನುತ್ತದೆ ಅದು: ಮಾಡುತ್ತಿರುವುದು ನನ್ನದು ಅನ್ನಿಸಬೇಕು, ಇದು ನನ್ನ ಕೈಲಾಗುತ್ತದೆ ಅನ್ನಿಸಬೇಕು, ಸುತ್ತಲಿನವರಿಗೆ ನಾನು ಬೇಕಾದವ ಅನ್ನಿಸಬೇಕು.

ಒಳಗಿನ ಪ್ರೇರಣೆ, ಹೊರಗಿನ ಪ್ರೇರಣೆ ಎಂದು ಎರಡೇ ಭಾಗ ಮಾಡಿದರೆ ವಿಷಯ ಕೈ ತಪ್ಪುತ್ತದೆ. ಅದಕ್ಕಿಂತ ಸೂಕ್ಷ್ಮವಿದೆ. ಮೂರನೇ ಸೆಮಿಸ್ಟರಿನ ಎಂಜಿನಿಯರಿಂಗ್ ಹುಡುಗರ ಒಂದು ಹಾಸ್ಟೆಲ್ ಕೋಣೆ ಅಂದುಕೊಳ್ಳೋಣ. ರಾತ್ರಿ ಹನ್ನೊಂದು, ನಾಳೆ ಎಂ-ತ್ರೀ ಇಂಟರ್ನಲ್ಸ್, ಫೋರಿಯರ್ ಸರಣಿ. ಒಬ್ಬ ‘ಪಾಸಿಂಗ್ ಪ್ಯಾಕೇಜ್’ ಉರು ಹೊಡೆಯುತ್ತಿದ್ದಾನೆ: “ಬ್ಯಾಕ್ ಬಿದ್ರೆ ಅಪ್ಪ ಮನೆಗೆ ಸೇರ್ಸಲ್ಲ ಮಗಾ.” ಪಕ್ಕದವನಿಗೆ ಬೈಯುವವರು ಯಾರೂ ಇಲ್ಲ, ಅಪ್ಪ ಅಮ್ಮ ಆರೋಗ್ಯ ನೋಡಿಕೋ ಎನ್ನುವವರು. ಆದರೂ ಅವನ ಕೈ ಬೆವರುತ್ತಿದೆ. ಪಿಯುಸಿಯಲ್ಲಿ ಕಾಲೇಜಿಗೇ ಮೊದಲು ಬಂದಿದ್ದವ, ಈಗ ಹದಿನೈದಕ್ಕೆ ಎಂಟು ಬಂದರೆ ಮುಖ ಎಲ್ಲಿಡುವುದು ಎಂಬ ಚಿಂತೆ. ಮೂರನೆಯವನಿಗೆ ಗಣಿತ ಬೇಜಾರೇ, ಆದರೆ ಮುಂದೆ ಧ್ವನಿ ಸಂಸ್ಕರಣೆಯ ಕೆಲಸ ಮಾಡುವ ಆಸೆ. ಇದು ಬಾರದೆ ಅದು ಬಾರದು ಎಂದು ಅವನಿಗೆ ಗೊತ್ತು. ನಾಲ್ಕನೆಯವ ಲ್ಯಾಪ್‌ಟಾಪಿನಲ್ಲಿ ಸೈನ್ ಅಲೆಗಳನ್ನು ಒಂದರ ಮೇಲೊಂದು ಕೂಡಿಸಿ ಚೌಕದ ಅಲೆ ಮಾಡುತ್ತಿದ್ದಾನೆ. ಎಷ್ಟು ಅಲೆ ಸೇರಿಸಿದರೂ ಮೂಲೆಯಲ್ಲಿ ಒಂದು ಪುಟ್ಟ ಕೊಂಬು ಉಳಿದುಬಿಡುತ್ತದೆ, ಕಿರಿದಾಗುತ್ತದೆ ಹೊರತು ಕುಳ್ಳಾಗುವುದಿಲ್ಲ. ಇದೇಕೆ ಹೀಗೆ ಎಂದು ಒದ್ದಾಡುತ್ತ ನಾಳೆಯ ಪರೀಕ್ಷೆಯನ್ನೇ ಮರೆತಿದ್ದಾನೆ. ಅದಕ್ಕೆ ಗಿಬ್ಸ್ ವಿದ್ಯಮಾನ ಎಂಬ ಹೆಸರಿದೆ, ಸಿಲಬಸ್ಸಿನಲ್ಲಿ ಇಲ್ಲದಿರಬಹುದು. ಐದನೆಯವ ಗೋಡೆ ಕಡೆ ತಿರುಗಿ ರೀಲ್ಸ್ ನೋಡುತ್ತಿದ್ದಾನೆ. ಅವನಿಗೆ ಸೋಮಾರಿತನವೆಂದು ಎಲ್ಲರ ತೀರ್ಮಾನ. ಕೇಳಿದರೆ “ಯಾಕೆ ಓದ್ಬೇಕು ಅಂತಾನೇ ಗೊತ್ತಾಗ್ತಿಲ್ಲ” ಎನ್ನುತ್ತಾನೆ.

ನಾಳೆ ಐವರೂ ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ. ಮೊದಲ ನಾಲ್ವರ ಅಂಕ ಹೆಚ್ಚುಕಡಿಮೆ ಒಂದೇ ಬಂದರೂ ಆಶ್ಚರ್ಯವಿಲ್ಲ, ಅದಕ್ಕೇ ಅಂಕ ನೋಡಿ ಏನೂ ತಿಳಿಯುವುದಿಲ್ಲ. 2021ರಲ್ಲಿ ಜೋಶುವಾ ಹೊವಾರ್ಡ್ ಮತ್ತು ಸಂಗಡಿಗರು 2,23,209 ವಿದ್ಯಾರ್ಥಿಗಳ ಮಾಹಿತಿ ಕಲೆಹಾಕಿ ಇಂಥ ಬೇರೆ ಬೇರೆ ಕಾರಣಗಳ ಜತೆ ಏನೇನು ಬರುತ್ತದೆ ಎಂದು ನೋಡಿದರು. ನಾಲ್ಕನೆಯವನಂಥವರಲ್ಲಿ ಸಾಧನೆ, ನೆಮ್ಮದಿ ಎರಡೂ ಇತ್ತು. ಮೂರನೆಯವನಂಥವರು ಬಿಡದೆ ಹಿಡಿದು ಸಾಗುವುದರಲ್ಲಿ ಮುಂದು. ಮೊದಲನೆಯವನ ಭಯ ಅಂಕವನ್ನೂ ಹೆಚ್ಚಿಸಲಿಲ್ಲ, ಹಿಡಿದು ನಿಲ್ಲಿಸಲೂ ಇಲ್ಲ. ನೆಮ್ಮದಿಯನ್ನು ಮಾತ್ರ ಕಿತ್ತುಕೊಂಡಿತು. ಅಪಾಯವಿರುವುದು ಎರಡನೆಯವನಲ್ಲಿ. ನಾಚಿಕೆ, ಮಾನದ ಪ್ರಶ್ನೆ ಓದಿಸುತ್ತದೆ, ಬಿಡದೆ ಓದಿಸುತ್ತದೆ, ಜತೆಗೆ ಆತಂಕವನ್ನೂ ಹೆಚ್ಚಿಸುತ್ತದೆ. ಫಲಿತಾಂಶ ಚೆನ್ನಾಗಿ ಬರುವುದರಿಂದ ಇವನಿಗೆ ಏನಾದರೂ ಆಗಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಮಾನಕ್ಕೆ ಅಂಜಿ ಓದುವುದನ್ನು ನಮ್ಮ ಮನೆಗಳಲ್ಲಿ ಜವಾಬ್ದಾರಿ ಎಂದೇ ಕರೆಯುತ್ತೇವೆ.

ಹಾಗಾದರೆ ಯಾವ ವಿಷಯ ಓದುವವರು ಹೆಚ್ಚು ನೊಂದಿದ್ದಾರೆ? ಅಮೆರಿಕದ ಕ್ಯಾಂಪಸ್ಸುಗಳ ಮಾಹಿತಿ ಇಟ್ಟುಕೊಂಡು ಸಾರಾ ಲಿಪ್ಸನ್ ಮತ್ತಿತರರು 2016ರಲ್ಲಿ ಬರೆದ ಲೇಖನವನ್ನು ಓದಿದರೆ ಊಹೆ ತಲೆಕೆಳಗಾಗುತ್ತದೆ. ಮಾನಸಿಕ ತೊಂದರೆ ಹೆಚ್ಚು ಕಂಡದ್ದು ಕಲೆ, ಮಾನವಿಕ ವಿಷಯಗಳ ವಿದ್ಯಾರ್ಥಿಗಳಲ್ಲಿ. ಎಂಜಿನಿಯರಿಂಗ್ ಮತ್ತು ಬಿಸಿನೆಸ್ ವಿದ್ಯಾರ್ಥಿಗಳ ವಿಶೇಷ ಬೇರೆ: ತೊಂದರೆ ಇದ್ದವರೂ ಸಹಾಯ ಕೇಳಿಕೊಂಡು ಹೋಗುವುದು ಕಡಿಮೆ. ಇದನ್ನು ಓದಿ ಕಾವ್ಯ ಓದಿದರೆ ಮನಸ್ಸು ಕೆಡುತ್ತದೆ ಎಂದು ತೀರ್ಮಾನಿಸುವುದು ಮೂರ್ಖತನ. ಯಾರು ಯಾವ ವಿಷಯಕ್ಕೆ ಹೋಗುತ್ತಾರೆ ಎಂಬುದೂ ಸೇರಿದೆ, ತನ್ನ ನೋವನ್ನು ಪ್ರಶ್ನಾವಳಿಯಲ್ಲಿ ಒಪ್ಪಿಕೊಳ್ಳುವ ಅಭ್ಯಾಸ ಯಾರಿಗಿದೆ ಎಂಬುದೂ ಸೇರಿದೆ. ಇನ್ನೊಂದು ಕಾರಣ ನಮಗೆ ಚೆನ್ನಾಗಿ ಪರಿಚಿತ. ಬಿಎಗೆ ಸೇರಿ ಇತಿಹಾಸ ತೆಗೆದುಕೊಂಡ ಹುಡುಗಿ ವಿಷಯವನ್ನು ತಾನೇ ಇಷ್ಟಪಟ್ಟು ಆರಿಸಿರಬಹುದು. ಮದುವೆಮನೆಯ ಪಂಕ್ತಿಯಲ್ಲಿ ಎಲೆಗೆ ಪಲ್ಯ ಬೀಳುವಷ್ಟರಲ್ಲಿ ಪಕ್ಕದ ದೊಡ್ಡಪ್ಪನಿಂದ “ಆರ್ಟ್ಸಾ? ಯಾಕಮ್ಮಾ, ಸೈನ್ಸ್ ಸಿಗ್ಲಿಲ್ವಾ?” ಬಂದೇ ಬರುತ್ತದೆ. ‘ನನ್ನದು’ ಎಂಬುದು ಅವಳಿಗಿದೆ, ‘ಸುತ್ತಲಿನವರಿಗೆ ಬೇಕಾದವಳು’ ಎಂಬುದನ್ನು ಇಂಥ ಮಾತು ಚೂರು ಚೂರೇ ಸವೆಸುತ್ತದೆ. ಎಂಜಿನಿಯರಿಂಗ್ ಹುಡುಗನದು ಹಲವು ಸಲ ಇದಕ್ಕೆ ತದ್ವಿರುದ್ಧ: ಊರೆಲ್ಲ ಮೆಚ್ಚುತ್ತದೆ, ಬ್ರಾಂಚ್ ಆರಿಸಿದ್ದು ಮಾತ್ರ ಸಿಇಟಿ ರ‍್ಯಾಂಕು.

ಸಂಶೋಧನೆಯ ಮಟ್ಟಕ್ಕೆ ಹೋದರೂ ಬಿಡುಗಡೆ ಇಲ್ಲ. ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಪ್ರದೇಶದಲ್ಲಿ ಪಿಎಚ್‌ಡಿ ಮಾಡುತ್ತಿದ್ದವರಲ್ಲಿ ಶೇ 32 ಮಂದಿ ಮಾನಸಿಕ ಕಾಯಿಲೆಯ ಅಂಚಿನಲ್ಲಿದ್ದರೆಂದು 2017ರ ಅಧ್ಯಯನ ಹೇಳಿತು.

‘ನನ್ನ ಕೈಲಾಗುತ್ತದೆ’ ಎಂಬುದರ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮನಸ್ಸಿಗೆ ಬೇಕಾದ ಆ ಮೂರರಲ್ಲಿ ಪ್ರೇರಣೆಗೆ ಅತಿ ಹತ್ತಿರದ್ದು ಅದೇ ಎಂದು ಇತ್ತೀಚಿನ ಒಟ್ಟು ಲೆಕ್ಕಾಚಾರಗಳು ತೋರಿಸಿವೆ. ಆಸ್ಟ್ರೇಲಿಯಾದಲ್ಲಿ ಹರ್ಬರ್ಟ್ ಮಾರ್ಷ್ 1980ರ ದಶಕದಿಂದ ಒಂದೇ ಸಂಗತಿಯನ್ನು ಮತ್ತೆ ಮತ್ತೆ ತೋರಿಸುತ್ತ ಬಂದ: ಸಮಾನ ಸಾಮರ್ಥ್ಯದ ಇಬ್ಬರಲ್ಲಿ, ಬಲು ಜಾಣರೇ ತುಂಬಿದ ಸಂಸ್ಥೆಗೆ ಹೋದವನಿಗೆ ತನ್ನ ಬಗ್ಗೆ ಇರುವ ಅಂದಾಜು ಕೆಳಗಿಳಿಯುತ್ತದೆ. ನಾವು ನಮ್ಮನ್ನು ಅಳೆಯುವುದು ಎದುರಿಗೆ ಕೂತವರಿಂದ. ತೀರ್ಥಹಳ್ಳಿಯ ಕಾಲೇಜಿನಲ್ಲಿ ‘ಗಣಿತದಲ್ಲಿ ಅವಳನ್ನು ಬಿಟ್ಟರಿಲ್ಲ’ ಎನಿಸಿಕೊಂಡವಳು ಸುರತ್ಕಲ್ಲಿನ ಎನ್‌ಐಟಿಗೆ ಸೇರಿ ಮೊದಲ ಮಿಡ್‌ಸೆಮ್‌ನಲ್ಲಿ ತರಗತಿಯ ನಡುಮಧ್ಯಕ್ಕೆ ಬಂದು ನಿಲ್ಲುತ್ತಾಳೆ. ಅವಳ ಗಣಿತ ಒಂದಿಂಚೂ ಕಡಿಮೆಯಾಗಿಲ್ಲ. ಮನೆಗೆ ಫೋನ್ ಮಾಡಿದಾಗ “ಹೆಂಗಾಯ್ತು ಪುಟ್ಟಾ?” ಎಂದರೆ “ಪರವಾಗಿಲ್ಲ ಅಮ್ಮ” ಎಂದು ಮಾತು ತಿರುಗಿಸುತ್ತಾಳೆ. ಇಂಥ ಸಂಸ್ಥೆಗಳಲ್ಲಿ ತರಗತಿಯ ಅರ್ಧ ಭಾಗ ನಡುಸ್ಥಾನಕ್ಕಿಂತ ಕೆಳಗೇ ಇರಬೇಕಲ್ಲ, ಮತ್ತು ಆ ಅರ್ಧದ ಬಹುಪಾಲು ಮಂದಿಗೆ ಅದು ಬದುಕಿನಲ್ಲೇ ಮೊದಲ ಸಲ.

‘ನನ್ನದು’ ಎಂಬುದನ್ನು ಕೇಳಿದ ಕೂಡಲೇ ನಮ್ಮ ಕಡೆಯವರು ಎತ್ತುವ ಆಕ್ಷೇಪ ಒಂದಿದೆ: ಇದೆಲ್ಲ ಅಮೆರಿಕದವರ ರೋಗ, ನಮ್ಮಲ್ಲಿ ಅಪ್ಪ ಅಮ್ಮ ಆರಿಸಿದ್ದನ್ನು ಮಕ್ಕಳು ಖುಷಿಯಿಂದಲೇ ಓದುತ್ತಾರೆ. ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ ಅಕ್ಷರ ಜೋಡಿಸುವ ಆಟ ಕೊಟ್ಟಿದ್ದರು. ಯುರೋಪ್ ಮೂಲದ ಮಕ್ಕಳು ತಾವೇ ಆರಿಸಿದ ಆಟವನ್ನು ಹೆಚ್ಚು ಹೊತ್ತು ಆಡಿದರು. ಏಷ್ಯಾ ಮೂಲದ ಮಕ್ಕಳು ಹೆಚ್ಚು ಉತ್ಸಾಹ ತೋರಿದ್ದು ‘ಇದನ್ನು ನಿನ್ನ ಅಮ್ಮ ಆರಿಸಿದ್ದಾರೆ’ ಎಂದು ಹೇಳಿದಾಗ. ಅಪರಿಚಿತರು ಆರಿಸಿದ್ದೆಂದಾಗ ಮಾತ್ರ ಎರಡೂ ಗುಂಪಿನವರು ಸಪ್ಪಗಾದರು. ಡೆಸಿ, ರಯಾನ್ ಇದಕ್ಕೆ ಕೊಡುವ ಉತ್ತರ ನನಗೆ ಒಪ್ಪಿಗೆಯಾಗುತ್ತದೆ: ಒಬ್ಬನೇ ನಿರ್ಧರಿಸುವುದು ಬೇರೆ, ಮನಸಾರೆ ಒಪ್ಪುವುದು ಬೇರೆ. ಅಮ್ಮ ಹೇಳಿದ್ದನ್ನು ಮಗಳು ತನ್ನದಾಗಿ ಮಾಡಿಕೊಳ್ಳಬಲ್ಲಳು. ಅಮ್ಮನ ಆಯ್ಕೆಯನ್ನು ಮಗಳ ಬಾಯಿ ಮಾತ್ರ ಒಪ್ಪಿರಲೂಬಹುದು. ಏಳು ವರ್ಷದ ಮಗುವಿನ ಆಟಕ್ಕೂ ಹದಿನೆಂಟರ ಹುಡುಗಿಯ ನಾಲ್ಕು ವರ್ಷದ ಓದಿಗೂ ಅಂತರವಿದೆ ಎಂಬುದನ್ನು ಈ ಪ್ರಯೋಗ ಉಲ್ಲೇಖಿಸುವ ತಂದೆತಾಯಿಗಳು ಮರೆಯುತ್ತಾರೆ.

ಕಾಲೇಜು ಏನು ಮಾಡಬಹುದು ಎಂಬುದಕ್ಕೂ ಪುರಾವೆ ಇದೆ. ಶೆಲ್ಡನ್ ಮತ್ತು ಕ್ರೀಗರ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಕಾನೂನು ಶಾಲೆಗಳ ವಿದ್ಯಾರ್ಥಿಗಳನ್ನು ಮೂರು ವರ್ಷ ಹಿಂಬಾಲಿಸಿದರು. ಎರಡು ಕಡೆಯೂ ನೆಮ್ಮದಿ ಇಳಿಯಿತು, ಆದರೆ ಒಂದು ಕಡೆ ಇಳಿಕೆ ಕಡಿಮೆ. ಅಲ್ಲಿನ ವಿದ್ಯಾರ್ಥಿಗಳು ನಮ್ಮ ಮೇಷ್ಟರು ನಮ್ಮ ಮಾತು ಕೇಳುತ್ತಾರೆ, ಆಯ್ಕೆ ಸಾಧ್ಯವಿದ್ದಲ್ಲಿ ಕೊಡುತ್ತಾರೆ, ಸಾಧ್ಯವಿಲ್ಲದಲ್ಲಿ ಯಾಕೆ ಇಲ್ಲ ಎಂದು ಹೇಳುತ್ತಾರೆ ಎಂದಿದ್ದರು. ವಕೀಲಿ ಪರವಾನಗಿಯ ಬಾರ್ ಪರೀಕ್ಷೆಯಲ್ಲೂ ಅವರದೇ ಮೇಲುಗೈ. ಮೇಷ್ಟರು ಮೆತ್ತಗಾದರೆ ಮಕ್ಕಳು ಹಾಳಾಗುತ್ತಾರೆ ಎನ್ನುವವರು ಈ ಫಲಿತಾಂಶವನ್ನು ಎದುರಿಸಬೇಕು. ‘ಯಾಕೆ’ ಎಂದು ಹೇಳುವುದಕ್ಕೆ ಹಣ ಬೇಡ, ಹೊಸ ಕಟ್ಟಡ ಬೇಡ. ಚೌಕದ ಅಲೆಯ ಕೊಂಬನ್ನು ಹಲಗೆಯ ಮೇಲೆ ಬರೆದು, ಮೊಬೈಲಿನಲ್ಲಿ ಹಾಡು ಕೇಳುವಾಗ ಇದೇ ಲೆಕ್ಕ ನಡೆಯುತ್ತಿದೆ ಎನ್ನಲು ಐದು ನಿಮಿಷ ಸಾಕು. ಅದೇ ಇಬ್ಬರು 6,200ಕ್ಕೂ ಹೆಚ್ಚು ವಕೀಲರನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದುವಾಗ ಪಡೆದ ರ‍್ಯಾಂಕಿಗೂ ಈಗಿನ ಸುಖಕ್ಕೂ ನಂಟು ಬಹಳ ತೆಳು ಇತ್ತು, ಸಂಬಳದ ನಂಟೂ ಅಷ್ಟಕ್ಕಷ್ಟೇ. ಕೆಲಸ ತನ್ನದೆನಿಸುವುದು, ಕೈಲಾಗುವುದು, ಜನರ ನಂಟು, ಈ ಮೂರರದು ಗಟ್ಟಿಯಾಗಿತ್ತು.

ನಮ್ಮ ಕಾಲೇಜುಗಳು ಈಚೆಗೆ ಎಚ್ಚೆತ್ತಿವೆ, ಎಚ್ಚರಾಗಲು ಕಾರಣ ದುಃಖದ್ದು. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿತು. ಸುಪ್ರೀಂ ಕೋರ್ಟ್ 2025ರ ಮಾರ್ಚಿನಲ್ಲಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅಧ್ಯಕ್ಷತೆಯಲ್ಲಿ ಕಾರ್ಯಪಡೆ ರಚಿಸಿತು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಸಹಾಯವಾಣಿ (14416) 2022ರ ಅಕ್ಟೋಬರಿನಿಂದ ಹಗಲೂ ರಾತ್ರಿ ಕನ್ನಡದಲ್ಲೂ ಸಿಗುತ್ತದೆ. ಆ ಸಂಖ್ಯೆ ಪ್ರತಿ ಹಾಸ್ಟೆಲ್ ಗೋಡೆಯ ಮೇಲೂ ಇರಬೇಕು. ಆಪ್ತ ಸಮಾಲೋಚಕರೂ ಬೇಕು. ಆದರೆ ಕೆಲವು ಕಡೆ ನಡೆಯುವುದು ನೋಡಿದರೆ ನಗು ಬರುತ್ತದೆ: ಶನಿವಾರ ಒತ್ತಡ ನಿವಾರಣೆ ಕಾರ್ಯಾಗಾರ, ಹಾಜರಾತಿ ಕಡ್ಡಾಯ, ತಪ್ಪಿಸಿದರೆ ಇಂಟರ್ನಲ್ಸ್‌ನಲ್ಲಿ ಕಡಿತ. ಒತ್ತಡ ಹುಟ್ಟುವ ಜಾಗವನ್ನು ಮುಟ್ಟದೆ, ಹುಟ್ಟಿದ ಒತ್ತಡವನ್ನು ಇಳಿಸುವ ಹೊಣೆಯನ್ನೂ ವಿದ್ಯಾರ್ಥಿಯ ತಲೆಗೇ ಕಟ್ಟಿದಂತಾಯಿತು.

ಒತ್ತಡ ಹುಟ್ಟುವ ಜಾಗವನ್ನೇ ಮುಟ್ಟಿದವರೂ ಇದ್ದಾರೆ. ವರ್ಜೀನಿಯಾ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜು ಮೊದಲ ಎರಡು ವರ್ಷ ಎ, ಬಿ, ಸಿ ಗ್ರೇಡುಗಳನ್ನು ಕಿತ್ತುಹಾಕಿ ಬರೀ ಪಾಸು ಫೇಲು ಇಟ್ಟುಕೊಂಡಿತು. 2009ರಲ್ಲಿ ಬಂದ ವರದಿಯ ಪ್ರಕಾರ ಹಳೆಯ ಬ್ಯಾಚಿಗಿಂತ ಹೊಸ ಬ್ಯಾಚಿನವರು ಮೊದಲ ಮೂರು ಸೆಮಿಸ್ಟರ್ ಹೆಚ್ಚು ನೆಮ್ಮದಿಯಿಂದ ಇದ್ದರು. ರಾಷ್ಟ್ರಮಟ್ಟದ ಪರವಾನಗಿ ಪರೀಕ್ಷೆಯ ಅಂಕವಾಗಲಿ, ತರಗತಿಯ ಹಾಜರಿಯಾಗಲಿ ಇಳಿಯಲಿಲ್ಲ. ಇನ್ನೂ ಹಲವು ಕಾಲೇಜುಗಳು ಅದೇ ದಾರಿ ಹಿಡಿದವು. ಕೊನೆಗೆ 2022ರ ಜನವರಿಯಲ್ಲಿ ಆ ಪರವಾನಗಿ ಪರೀಕ್ಷೆಯ ಮೊದಲ ಹಂತವೇ ಪಾಸು ಫೇಲಿಗೆ ತಿರುಗಿತು. ಆದರೆ ಸ್ನಾತಕೋತ್ತರ ತರಬೇತಿಯ ಸೀಟುಗಳಿಗೆ ಪೈಪೋಟಿ ಉಳಿದೇ ಇತ್ತಲ್ಲ, ಆಸ್ಪತ್ರೆಗಳಿಗೆ ಅಭ್ಯರ್ಥಿಗಳನ್ನು ಸಾಲಾಗಿ ನಿಲ್ಲಿಸಲು ಏನಾದರೊಂದು ಅಂಕ ಬೇಕಿತ್ತು. ಎರಡನೇ ಹಂತದ ಪರೀಕ್ಷೆಗೆ ಇನ್ನೂ ಅಂಕ ಕೊಡುತ್ತಾರೆ. ವಿದ್ಯಾರ್ಥಿಗಳ ನಿದ್ದೆಗೆಡುವಿಕೆ ಈಗ ಅಲ್ಲಿಗೆ ಸರಿದಿದೆ. ನಮ್ಮಲ್ಲಿ 2019ರ ಹೊಸ ಪಠ್ಯಕ್ರಮ ಎಂಬಿಬಿಎಸ್ ಮೊದಲ ವರ್ಷದಲ್ಲೇ ರೋಗಿಗಳ ಮುಖ ತೋರಿಸುವ ಏರ್ಪಾಡು ಮಾಡಿದೆ, ‘ಯಾಕೆ ಓದುತ್ತಿದ್ದೇನೆ’ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಇರಲಾರದು. ಆದರೆ ಎಂಡಿ ಸೀಟು ಕೊಡುವುದು ನೀಟ್ ಪಿಜಿ ರ‍್ಯಾಂಕು. ಹಾಗಾಗಿ ವಾರ್ಡಿನಲ್ಲಿ ಪ್ರೊಫೆಸರ್ ರೋಗಿಯ ಹೊಟ್ಟೆ ಮುಟ್ಟಿ ವಿವರಿಸುತ್ತಿರುವಾಗ ಹಿಂದಿನ ಸಾಲಿನಲ್ಲಿ ಏಪ್ರನ್ ಜೇಬಿನಿಂದ ಫೋನ್ ಹೊರಗೆ ಬಂದು, ಕೋಚಿಂಗ್ ಆ್ಯಪ್‌ನ ಬಹುಆಯ್ಕೆಯ ಪ್ರಶ್ನೆಗಳು ಓಡುತ್ತಿರುತ್ತವೆ.